ಬಿದ್ದವರ ಮನೆಯಿಂದ ಗೆದ್ದವರ ಮನೆಗೆ

"ಸಿಸ್ಟರ್, ಲಗೂನ ಬರ್ರೀ! ನಮ್ಮ ಮನಿಯವರು ಬಿದ್ರರೀ!"

ಕೆಳಗಿನಿಂದ ಶಾಂತವ್ವನ ಕೂಗು ಕೇಳಿದ್ದೇ ತಡ, ಹತ್ತಿ, ಬ್ಯಾಂಡೇಜು, ಬಿಪಿ ಯಂತ್ರ ಎಲ್ಲ ಬಾಚಿಕೊಂಡು ಮೆಟ್ಟಿಲಿಳಿದೆ. ನಾನು ನರ್ಸು. ಮದ್ದೂರಿನ ಕಡೆಯಿಂದ ಬನಹಟ್ಟಿಗೆ ಕೆಲಸಕ್ಕೆ ಬಂದು ಶಾಂತವ್ವನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಓಡಿ ಹೋಗಿ ನೋಡಿದರೆ ಅವಳ ಗಂಡ ಮಲ್ಲಪ್ಪ ಕಾಕಾ ಪಡಸಾಲೆಯಲ್ಲಿ ಗೋಡೆಗೊರಗಿ ನೆಟ್ಟಗೆ ಕೂತಿದ್ದಾರೆ. ಮೈಮೇಲೆ ಒಂದು ಗೀರೂ ಇಲ್ಲ.

"ಎಲ್ಲಿಂದ ಬಿದ್ರಿ ಕಾಕಾ? ಸೊಂಟಕ್ಕೆ ಪೆಟ್ಟಾಯ್ತಾ?"

"ಟಿಕೆಟ್ ಮ್ಯಾಲಿಂದ ಬಿದ್ದೇನವಾ," ಎಂದರು ಕಾಕಾ. ಸುತ್ತ ಕೂತವರೆಲ್ಲ ಗೊಳ್ಳೆಂದು ನಕ್ಕರು.

ನಮ್ಮ ಕಡೆ ಚುನಾವಣೆಯಲ್ಲಿ ಸೋಲುತ್ತಾರೆ, ಇಲ್ಲಿ ಬೀಳುತ್ತಾರೆ. ಗೆದ್ದವನು 'ಆರಿಸಿ ಬಂದ' ಎನಿಸಿಕೊಳ್ಳುತ್ತಾನೆ. ಇಷ್ಟು ತಿಳಿಯದ ತಪ್ಪಿಗೆ ಈಗಲೂ ಓಣಿಯವರು ನನ್ನನ್ನು ಬಿಡುವುದಿಲ್ಲ. ಎಲ್ಲೋ ಯಾರೋ ಸೋತರೆ ಸಾಕು, "ಸಿಸ್ಟರ್, ಅವರೂ ಬಿದ್ದಾರಂತ, ಪಟ್ಟಿ ಕಟ್ಟಾಕ ಹೊಂಟೀರೇನು?" ಎನ್ನುತ್ತಾರೆ.

ಆ ದಿನ ನಡೆದದ್ದು ನಗರಸಭೆಯ ಚುನಾವಣೆಯಲ್ಲ, ಅದರ ಟಿಕೆಟ್ಟಿಗಾಗಿ ಪಕ್ಷದವರು ತಮ್ಮತಮ್ಮಲ್ಲೇ ನಡೆಸಿದ ಮತದಾನ. ನಮ್ಮಲ್ಲಿ ಟಿಕೆಟ್ ಯಾರಿಗೆಂದು ಮೇಲಿನವರು ಹೇಳುತ್ತಾರೆ, ನಾವು ಟಿವಿಯಲ್ಲಿ ನೋಡುತ್ತೇವೆ. ಇಲ್ಲಿ ಒಂದೇ ವಾರ್ಡಿಗೆ ಇಬ್ಬರು ಪಟ್ಟು ಹಿಡಿದಾಗ ಮುಖಂಡರು ಸಾಕಾಗಿ, ವಾರ್ಡಿನ ಕಾರ್ಯಕರ್ತರೇ ಮತ ಹಾಕಿ ಆರಿಸಲಿ ಎಂದುಬಿಟ್ಟರು. ಒಬ್ಬರು ಕಾಕಾ. ಇನ್ನೊಬ್ಬ ಎದುರುಮನೆಯ ಈರಣ್ಣ, ಶಾಂತವ್ವನ ಒಡಹುಟ್ಟಿದ ತಮ್ಮ. ಅವನೇ ಆರಿಸಿ ಬಂದ.

ಬಂದ ಹೊಸದರಲ್ಲಿ ಪವರ್‌ಲೂಮಿನ ಸದ್ದಿಗೆ ನಿದ್ದೆ ಬರದೆ, ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೆ, ಮುದ್ದೆ ನೆನೆದು ಅತ್ತಿದ್ದೆ. ಆಗ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಕೂಸಿಗೆ ಉಣಿಸುವಂತೆ ಉಣಿಸಿದವಳು ಶಾಂತವ್ವ. ಈಗ ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ಕೈಯೊಡ್ಡುತ್ತೇನೆ. ಅಂಥವಳು ಅಂದು ಅಡುಗೆಮನೆಯ ಬಾಗಿಲಲ್ಲಿ ಮುಖ ಬಾಡಿಸಿಕೊಂಡು ನಿಂತಿದ್ದಳು. ಹೊರಗೆ ಕಾಕಾನ ಕಡೆಯವರು ಹುರಿದುಂಬಿಸುತ್ತಿದ್ದರು: "ಬಂಡಾಯ ನಿಲ್ರಿ ಕಾಕಾ! ನಾವು ಅದೇವಿ!"

"ಕೇಳಿದ್ರಿಲ್ಲ ಸಿಸ್ಟರ್?" ಎಂದಳು ಶಾಂತವ್ವ ಮೆಲ್ಲಗೆ. "ಇವರು ನಿಂತ್ರ ನಾ ತವರಮನಿ ಹೊಸ್ತಲಾ ಹೆಂಗ ತುಳೀಲಿ? ತಮ್ಮ ಆರಿಸಿ ಬಂದಾನಂತ ನಗಲ್ಯೋ, ಇವರು ಬಿದ್ದಾರಂತ ಅಳಲ್ಯೋ?"

ನಮ್ಮೂರಲ್ಲಿ ಪಂಚಾಯ್ತಿ ಚುನಾವಣೆಗೆ ಮುನಿಸಿಕೊಂಡ ಅಣ್ಣತಮ್ಮಂದಿರು ಇವತ್ತಿಗೂ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟುವುದಿಲ್ಲ. ಅವಳ ಹಿಂದೆ ಒಲೆಯ ಪಕ್ಕ ಆರತಿ ತಾಟು ಸಿದ್ಧವಾಗಿತ್ತು. ಅದನ್ನು ಎತ್ತಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಕಾಕಾ ನೀರು ಕುಡಿಯಲು ಒಳಗೆ ಬಂದವರು ತಾಟನ್ನು ನೋಡಿದರು. ಹೆಂಡತಿಯ ಮುಖವನ್ನೂ ನೋಡಿದರು.

"ಏನ ನಿಂತಿ? ಹೋಗಿ ತಮ್ಮಗ ಆರತಿ ಮಾಡಿ ಬಾ."

"ಮತ್ತ ಅವರು ನಿಲ್ರಿ ನಿಲ್ರಿ ಅನ್ನಾಕತ್ತಾರ..."

"ಅನ್ನಲಿ. ಟಿಕೆಟ್ ಮುಂದಿನ ಸಲ ಸಿಕ್ಕೀತು. ನಿನಗ ಇನ್ನೊಂದ ತವರಮನಿ ನಾ ಎಲ್ಲಿಂದ ತರಲಿ?" ನೀರು ಕುಡಿದು ತಂಬಿಗೆ ಕೆಳಗಿಟ್ಟು, "ನಾ ಮಾತ್ರ ಬರೂದಿಲ್ಲ. ಇವತ್ತೊಂದಿನ ನನಗ ಸಿಟ್ಟ ಮಾಡಾಕ ಬಿಡು," ಎಂದು ಹೊರಗೆ ಹೋದರು.

ಶಾಂತವ್ವ ತಾಟು ಎತ್ತಿಕೊಂಡು ನನ್ನನ್ನೂ ಎದುರುಮನೆಗೆ ಕರೆದುಕೊಂಡು ಹೋದಳು. ಮೈತುಂಬ ಗುಲಾಲು ಬಳಿದುಕೊಂಡಿದ್ದ ಈರಣ್ಣ ಅಕ್ಕನನ್ನು ಕಂಡದ್ದೇ ಗದ್ದಲದ ನಡುವೆ ಮಗುವಿನಂತೆ ಅತ್ತುಬಿಟ್ಟ. ಆರತಿ ಮುಗಿದ ಮೇಲೆ ಕಾಲಿಗೆರಗಿ ಅವಳ ಕೈಗೆ ಖಣ ಕೊಟ್ಟ. ಖಣವೆಂದರೆ ಕುಪ್ಪಸದ ಬಟ್ಟೆ, ತವರಿನವರು ಹೆಣ್ಣುಮಕ್ಕಳಿಗೆ ಕೊಡುವ ಉಡುಗೊರೆ. ಆಮೇಲೆ ಇನ್ನೊಂದು ಖಣ ತರಿಸಿ ನನ್ನ ಮುಂದೆ ಹಿಡಿದ.

"ನನಗ್ಯಾಕೆ?" ಎಂದೆ.

"ಊರೆಲ್ಲಾ ನಿಮಗ ಸಿಸ್ಟರ್ ಅಂತೈತಿ. ಸಿಸ್ಟರ್ ಅಂದ್ರ ಅಕ್ಕಾನ ಹೌದಲ್ರಿ?"

ಸಂಜೆ ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಬಡಬಡನೆ ಹೇಳಿದೆ. ಬಿದ್ದ ಕಾಕಾನ ಕತೆಗೆ ಅವಳು ಬಿದ್ದು ಬಿದ್ದು ನಕ್ಕಳು. ಖಣದ ವಿಷಯ ಬಂದಾಗ ನಗು ನಿಲ್ಲಿಸಿ ಕೇಳಿದಳು:

"ಇಸ್ಕೊಂಡ್ಯಾ?"

"ಹ್ಞೂಂ ಅಮ್ಮ."

"ಅಲ್ಲೂ ಒಂದು ತವರು ಮಾಡ್ಕೊಂಡೆ ಅನ್ನು. ಒಳ್ಳೇದಾಯ್ತು ಬುಡು ಮಗ," ಎಂದಳು. ಅದು ಮಗಳನ್ನು ಧಾರೆಯೆರೆದು ಕಳಿಸಿದವಳ ದನಿ. ನನಗೆ ಇನ್ನೂ ಮದುವೆಯೇ ಆಗಿಲ್ಲ.