ಗಾದಿ ಕಾಕಾ ಹೊಲಿದ ಕರು

ನಾನು ಚಿಕ್ಕವನಿದ್ದಾಗ, ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ, ಐದನೇ ಇಯತ್ತೆಯ ಅರ್ಧಕ್ಕೇ ಶಾಲೆ ಬಿಟ್ಟೆ. ಬಿಡಿಸಿದವನು ಅಪ್ಪ ಎಂದು ಊರವರು ಹೇಳುತ್ತಿದ್ದರು. ಅಲ್ಲ ಮಕ್ಕಳೇ, ಬಿಡಿಸಿದ್ದು ಒಂದು ಎಮ್ಮೆ. ಅಪ್ಪ ಅದನ್ನು ಚಡಚಣದ ಸಂತೆಯಿಂದ ಹೊಡೆದುಕೊಂಡು ಬಂದಿದ್ದ. ಪಂಢರಪುರದ ಕಡೆಯ ತಳಿ. ಕೋಡುಗಳು ಕತ್ತಿಯ ಹಾಗೆ ಹಿಂದಕ್ಕೆ ಬಾಗಿ ಹೆಗಲು ದಾಟಿದ್ದವು. ಅದು ಕತ್ತು ತಿರುಗಿಸಿದರೆ ಪಕ್ಕದಲ್ಲಿ ನಿಂತವರು ಹಾರಿ ಸರಿಯಬೇಕು. ಅದರ ಹಾಲನ್ನು ದಿನಾ ಇಂಡಿ ಊರಿನ ಚಹಾದಂಗಡಿಗೆ ಮುಟ್ಟಿಸಲು ಒಬ್ಬ ಬೇಕಿತ್ತು. ಆ ಒಬ್ಬ ನಾನಾದೆ. ಮಾಸ್ತರರು ಮನೆಗೆ ಬಂದು ಅಪ್ಪನಿಗೆ ಹೇಳಿ ನೋಡಿದರು. ನಾನಂತೂ ಅಳಲಿಲ್ಲ. ದುಡಿಯುವವನಿಗೆ ಅಳುವುದಕ್ಕೆ ಹೊತ್ತೆಲ್ಲಿ? ಅಂದು ಹೊತ್ತ ಹಾಲಿನ ಕೊಡವನ್ನು ಇಳಿಸಿದ ಮೇಲೂ ಯಾರ ಬಾಗಿಲಲ್ಲೂ ಕೈಯೊಡ್ಡಿ ನಿಂತವನಲ್ಲ ನಾನು.

ನಮ್ಮ ಮನೆಯಲ್ಲಿ ಕೋಳಿ ತತ್ತಿಯ ಹೆಸರನ್ನೂ ಎತ್ತುತ್ತಿರಲಿಲ್ಲ. ಆಯಿ, ಅಂದರೆ ಅಪ್ಪನ ಅವ್ವ, ಬೆಳಗಾದರೆ ಸೆರಗಿನಲ್ಲಿ ಜೋಳದ ಹಿಟ್ಟು ಕಟ್ಟಿಕೊಂಡು ಹೋಗಿ ಇರುವೆ ಗೂಡಿನ ಬಾಯಿಗೆ ಉದುರಿಸಿ ಬರುತ್ತಿದ್ದಳು. ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿದ ಮೇಲೆಯೇ ನಮ್ಮ ಊಟ. ಪಕ್ಕದ ಮನೆ ಗಾದಿ ಕಾಕಾನದು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವನ ಕಸುಬು, ಅದಕ್ಕೇ ಊರ ಮಕ್ಕಳಿಗೆಲ್ಲ ಅವನು ಗಾದಿ ಕಾಕಾ. ಅವರ ಮನೆಯಲ್ಲಿ ಹಬ್ಬಕ್ಕೆ ಕುರಿ ಕೊಯ್ದ ದಿನ ಆಯಿ ಆ ಕಡೆಯ ಕಿಟಕಿ ಹಾಕಿ, "ಜೀವ ತಿನ್ನೋ ಮಂದಿ" ಎಂದು ಗೊಣಗುತ್ತಿದ್ದಳು. ಕಾಕಾನಿಗೆ ಅದು ಕೇಳಿಸುತ್ತಿತ್ತು. "ಆಯಿ, ಕಿಡಕಿ ಹಾಕಿದ್ರ ವಾಸನಿ ಮ್ಯಾಲಿಂದ ಇಳಿತೈತ್ರಿ. ಬೆಳಕಿಂಡಿನೂ ಮುಚ್ಚರಿ!" ಎಂದು ಗೋಡೆಯಾಚೆಯಿಂದ ಕೂಗಿ ನಗುತ್ತಿದ್ದ.

ಎಮ್ಮೆ ಈದದ್ದು ಮತ್ತು ಅಕ್ಕ ತವರಿಗೆ ಬಂದು ಹಡೆದದ್ದು ಒಂದೇ ತಿಂಗಳಲ್ಲಿ. ಅಕ್ಕನಿಗೆ ಹೆಣ್ಣು ಕೂಸು. ಎಮ್ಮೆಗೆ ಗಂಡು. ಅಪ್ಪ ಕರುವಿನ ಹಿಂಗಾಲೆತ್ತಿ ನೋಡಿ, "ಕ್ವಾಣ" ಎಂದಷ್ಟೇ ಅಂದು ಕೈ ಒರೆಸಿಕೊಂಡ. ಅಕ್ಕನ ಎದೆಯಲ್ಲಿ ಹಾಲು ಸಾಲಲಿಲ್ಲ. ಎಮ್ಮೆಯ ಹಾಲಿಗೆ ನೀರು ಬೆರೆಸಿ ಕಾಯಿಸಿ, ಅರಿವೆಯ ಬತ್ತಿ ಅದ್ದಿ ಅದ್ದಿ ಕೂಸಿನ ಬಾಯಿಗೆ ಹಿಂಡುತ್ತಿದ್ದರು. ಕೂಸಿಗೆ ಕೊಟ್ಟು ಉಳಿದದ್ದು ಚಹಾದಂಗಡಿಗೆ. ಅಂಗಡಿಗೆ ಕೊಟ್ಟು ಉಳಿದದ್ದು ಕರುವಿಗೆ. ಉಳಿಯುತ್ತಿರಲಿಲ್ಲ.

ಹಾಲು ಕರೆಯುವಾಗ ನನ್ನದೊಂದು ಕೆಲಸ ಇತ್ತು. ಎಮ್ಮೆ ತನ್ನ ಕರು ಬಾಯಿ ಹಚ್ಚದೆ ಹಾಲು ಇಳಿಸುವುದಿಲ್ಲ. ಕರುವನ್ನು ಬಿಡಬೇಕು, ಅದು ಚೀಪಬೇಕು, ಕೆಚ್ಚಲಿಗೆ ಹಾಲು ಇಳಿದ ಕೂಡಲೇ ನಾನು ಕೊರಳ ಕಣ್ಣಿ ಹಿಡಿದು ಅದನ್ನು ಎಳೆದು ಗೂಟಕ್ಕೆ ಕಟ್ಟಬೇಕು. ಮೊದಮೊದಲು ಎರಡು ಮೊಲೆ ಅದಕ್ಕೆಂದೇ ಬಿಡುತ್ತಿದ್ದರು. ಆಮೇಲೆ ಒಂದು. ಆಮೇಲೆ ಬರೀ ನಾಲಿಗೆ ಒದ್ದೆಯಾಗುವಷ್ಟು. ಬಾಯಿ ತುಂಬ ನೊರೆ ಮೆತ್ತಿಕೊಂಡು ಅದು ನನ್ನನ್ನೇ ನೋಡುತ್ತಿತ್ತು. ಗೋಡೆಯ ಮಣ್ಣು ನೆಕ್ಕುತ್ತಿತ್ತು, ನನ್ನ ಅಂಗಿಯ ತುದಿ ಚೀಪುತ್ತಿತ್ತು. "ಅಪ್ಪಾ, ಇನ್ನೊಂದೀಟು ಕುಡೀಲಿ" ಎಂದರೆ, "ಹೆಣ್ಣಾಗಿದ್ರ ಕುಡಸ್ತಿದ್ದೆ. ಇದು ನಾಳೆ ಹಾಲ ಕೊಡತೈತೇನು?" ಎನ್ನುತ್ತಿದ್ದ. ಅಪ್ಪ ಕೆಟ್ಟವನಲ್ಲ. ಎತ್ತಿಗೆ ಮುಳ್ಳು ಚುಚ್ಚಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಎತ್ತು ಎತ್ತೇ, ಕೋಣ ಕೋಣವೇ.

ಆ ದಿನ ಬೆಳಗಾಗುವ ಹೊತ್ತಿಗೆ ಕರು ಮೂಲೆಯಲ್ಲಿ ತಣ್ಣಗಾಗಿತ್ತು. ಕಾಲು ಸೆಟೆದಿತ್ತು, ಬಾಯಿ ಮಣ್ಣಾಗಿತ್ತು. ಎಮ್ಮೆ ಹಗ್ಗ ಹರಿಯುವ ಹಾಗೆ ಜಗ್ಗಿ ಜಗ್ಗಿ ಅದನ್ನು ಮೂಸುತ್ತಿತ್ತು. ಅಪ್ಪ ಚರಿಗೆ ಹಿಡಿದು ಕುಕ್ಕರಗಾಲಲ್ಲಿ ಕುಳಿತ. ಎಷ್ಟು ಎಳೆದರೂ ಚರಿಗೆಯ ತಳ ಮುಚ್ಚಲಿಲ್ಲ. ಎಮ್ಮೆ ಹಾಲನ್ನು ಮೇಲಕ್ಕೆ ಏರಿಸಿಕೊಂಡುಬಿಟ್ಟಿತ್ತು. ಒಳಗೆ ಬಾಣಂತಿಯ ಕೋಣೆಯಲ್ಲಿ ಕುಳ್ಳಿನ ಹೊಗೆ, ಅಜವಾನದ ವಾಸನೆ, ಕೂಸಿನ ಅಳು. ಹೊರಗೆ ಎಮ್ಮೆಯ ಒದರಾಟ. ನಡುವಿನ ಗೋಡೆಗೆ ಬೆನ್ನು ಕೊಟ್ಟು ನಾನು ಎರಡನ್ನೂ ಕೇಳಿದೆ. ಊರಲ್ಲಿ ಎರಡು ಮೂರು ಮನೆ ತಿರುಗಿ ಅವ್ವ ತಂದ ಹಾಲು ಮಧ್ಯಾಹ್ನಕ್ಕೆ ಮುಗಿಯಿತು.

ಅಪ್ಪ ಅಷ್ಟರಲ್ಲಿ ಕರುವಿನ ತೊಗಲು ಸುಲಿಸಿ ತರಿಸಿದ್ದ. ಒಳಮೈಗೆ ಉಪ್ಪು, ಬೂದಿ ತಿಕ್ಕಿ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದರು. ಊರ ಹೊರಗೆ ಹದ್ದುಗಳು ಸುತ್ತುವುದು ಅಲ್ಲಿಂದ ಕಾಣುತ್ತಿತ್ತು. ತೊಗಲನ್ನು ಕೆಳಗಿಳಿಸುವಾಗ ಆಯಿ, "ಹಿತ್ತಲ ಕಡಿಂದ ತರ್ರಿ. ಮುಂದ ದೇವರ ಜಗಲಿ ಐತಿ" ಎಂದಳು. ಅದಕ್ಕೆ ಹುಲ್ಲು ತುಂಬಿ ಹೊಲಿದರೆ ಎಮ್ಮೆ ಅದನ್ನೇ ಕರು ಎಂದು ತಿಳಿಯುತ್ತದೆ. ಹೊಲಿಯಲು ದೊಡ್ಡ ಸೂಜಿ ಬೇಕು. ಅದು ಗಾದಿ ಕಾಕಾನ ಹತ್ತಿರ ಮಾತ್ರ ಇತ್ತು.

ಕಾಕಾ ಸೂಜಿ, ಹುರಿ ಹಿಡಿದು ನಗುತ್ತಲೇ ಬಂದ. "ಗಾದಿ ಹೊಲದೇನಿ, ತೆಲಿದಿಂಬ ಹೊಲದೇನಿ, ಊರ ಮಂದಿ ಲಗ್ನದ ಹಾಸಿಗಿ ಹೊಲದೇನಿ. ಕರ ಹೊಲಿಯೋದು ಇದ ಮೊದಲ ನೋಡೋ ತಮ್ಮಾ. ನಿಮ್ಮ ಎಮ್ಮಿಗೆ ಮೆತ್ತಂದು ಬೇಕೋ, ಗಟ್ಟಿ ಬೇಕೋ?"

"ಅಣ್ಣಾ, ಕೂಸು ಮುಂಜಾನಿಂದ ಅಳಾಕತ್ತೈತಿ" ಎಂದ ಅಪ್ಪ.

ಕಾಕಾನ ನಗು ನಿಂತಿತು. ಕೆಲಸಕ್ಕೆ ಕುಳಿತ. ನಾನು ಒಣಹುಲ್ಲು ಕೊಟ್ಟಂತೆ ಕೊಟ್ಟಂತೆ ತುಂಬಿದ. ಹೊಟ್ಟೆ ತುಂಬಿತು. ಬದುಕಿದ್ದಾಗ ಆ ಕರುವಿನ ಹೊಟ್ಟೆ ಅಷ್ಟು ದುಂಡಗೆ ಇದ್ದದ್ದನ್ನು ನಾನು ಕಂಡಿರಲಿಲ್ಲ. ಕಣ್ಣಿದ್ದ ಜಾಗದ ತೂತುಗಳನ್ನೂ ಕಾಕಾ ಹೊಲಿದು ಮುಚ್ಚಿದ.

ಆಯಿ ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದಳು. ಸುಮ್ಮನಿರಲಾರದೆ, "ಏನ ಮಾಡೂದೋ ತಮ್ಮಾ, ಅದರ ಆಯುಷ್ಯ ಇಷ್ಟ ಇತ್ತು" ಎಂದಳು.

ಕಾಕಾ ತಲೆ ಎತ್ತಲಿಲ್ಲ. "ನಾವು ಕೊಯ್ಯೋ ಮುಂದ ದೇವರ ಹೆಸರ ಹೇಳ್ತೇವ್ರಿ ಆಯಿ. ಇದಕ್ಕ ಯಾರು ಹೇಳಿದ್ರಿ?"

"ನಾವೇನ ಕೊಯ್ದೇವೇನು? ತಾನಾ ಸತ್ತೈತಿ."

"ಹೌದ್ರಿ. ತಾನಾ ಸತ್ತೈತಿ."

ಹುರಿಯನ್ನು ಹಲ್ಲಿನಿಂದ ಕಡಿಯುವುದು ಕಾಕಾನ ರೂಢಿ. ಅವತ್ತು, ತಾನಾಗಿ ಸತ್ತದ್ದರ ತೊಗಲು ಹೊಲಿದ ಹುರಿಗೆ, ಬಾಯಿ ಹಚ್ಚಲಿಲ್ಲ. ಅಪ್ಪನ ಕುಡುಗೋಲು ಕೇಳಿ ಇಸಿದುಕೊಂಡ. ಆಯಿ ಎದ್ದು ಒಳಗೆ ಹೋದಳು.

ಸಂಜೆ ಅಪ್ಪ ಕರುವಿನ ಮೈಮೇಲೆಲ್ಲ ಉಪ್ಪು ಬೆಲ್ಲದ ನೀರು ಚಿಮುಕಿಸಿದ. ಅದಕ್ಕೆ ಕಾಲಿರಲಿಲ್ಲ; ನಾನೇ ತಬ್ಬಿ ಹಿಡಿದು ಎಮ್ಮೆಯ ಮುಂದೆ ನಿಲ್ಲಿಸಬೇಕಿತ್ತು. ಒಳಗೆ ಕೂಸಿನ ಅಳು ಬೆಕ್ಕಿನ ಮರಿಯ ದನಿಯಷ್ಟು ಸಣ್ಣದಾಗಿತ್ತು. ಎಮ್ಮೆ ಮೋಸ ಹೋಗಬಾರದು ಎಂದು ನನ್ನ ಒಂದು ಮನಸ್ಸು. ಬೇಗ ಮೋಸ ಹೋಗಲಿ ಎಂದು ಇನ್ನೊಂದು. ಎಮ್ಮೆ ಮೂತಿ ಮುಂದೆ ಮಾಡಿ ಮೂಸಿತು, ಬಿಸಿ ಉಸಿರು ಬಿಟ್ಟಿತು. ಬಹಳ ಹೊತ್ತು ಸುಮ್ಮನೆ ನಿಂತಿತು. ಆಮೇಲೆ ನೆಕ್ಕಿತು. ಒರಟು ನಾಲಿಗೆ ಒತ್ತಿದಂತೆಲ್ಲ ತೊಗಲಿನೊಳಗೆ ಹುಲ್ಲು ಸರಸರ ಎನ್ನುತ್ತಿತ್ತು. ಕರುವನ್ನು ನೆಕ್ಕುತ್ತ ನೆಕ್ಕುತ್ತ ನನ್ನ ಮುಂಗೈಯನ್ನೂ ನೆಕ್ಕಿತು. ಹಿಂದೆ ಚರಿಗೆಯೊಳಗೆ ಹಾಲು ಬೀಳುವ ಸದ್ದು ಬಂತು.

ಕೂಸು ಕುಡಿದು ಮಲಗಿತು. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟರು. ಅವ್ವ ಒಂದು ಬಟ್ಟಲು ಹಾಲು ಕೊಟ್ಟು ಕಾಕಾನ ಮನೆಗೆ ಕಳಿಸಿದಳು. "ಕೂಸಿಗೇ ಇರಲಿ, ಒಯ್ಯೋ" ಎಂದು ಅವನು ತಿರುಗಿಸಿ ಕಳಿಸಿದ. ನಾನು ಬಟ್ಟಲು ಹಿಡಿದು ಬಂದಾಗ ಅಕ್ಕ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು, ತಲೆಗೆ ಅರಿವೆ ಕಟ್ಟಿಕೊಂಡು. ಬಾಣಂತಿಗೆಂದು ಅವ್ವ ಕಟ್ಟಿದ ಅಂಟಿನುಂಡೆಯೊಂದನ್ನು ನನ್ನ ಕೈಯಲ್ಲಿಟ್ಟು, "ಇದನ್ನ ಎಮ್ಮಿಗೆ ಕೊಡು. ಅಕಿನೂ ಬಾಣಂತಿನ" ಎಂದಳು. ಅಷ್ಟು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಉಂಡೆಯನ್ನು ಎಮ್ಮೆ ಮೂಸಿ ನೋಡಿ ಬಿಟ್ಟಿತು. ಬೆಳಗ್ಗೆ ನೋಡಿದರೆ ಮೇವಿನ ಗೋದಲಿಯಲ್ಲಿ ಅದನ್ನು ಇರುವೆಗಳು ಮುತ್ತಿದ್ದವು.

ಹುಲ್ಲಿನ ಕರುವನ್ನು ಎಮ್ಮೆ ಬತ್ತುವವರೆಗೂ ಎರಡು ಹೊತ್ತು ನಾನೇ ಹಿಡಿದೆ. ಅದರ ಕೂದಲೆಲ್ಲ ನೆಕ್ಕಿ ನೆಕ್ಕಿ ಹೋಯಿತು. ಮುಂದಿನ ಹಬ್ಬಕ್ಕೆ ಕಾಕಾನ ಮನೆಯಲ್ಲಿ ಕುರಿ ಕೊಯ್ದಾಗ ಆಯಿ ಕಿಟಕಿ ಹಾಕಿದಳು. ಗೊಣಗಲಿಲ್ಲ.

ಈಗ ನಿಮ್ಮ ಮನೆಗೆ ಹಾಲು ಪಾಕೀಟಿನಲ್ಲಿ ಬರುತ್ತದೆ. ಅದರ ಹಿಂದೆ ಯಾರು ಒದರಿದರು, ಯಾರು ಮಣ್ಣು ನೆಕ್ಕಿದರು, ನಿಮಗೆ ಕೇಳಿಸುವುದಿಲ್ಲ. ಕೆಲವು ಕಡೆ ಹುಲ್ಲಿನ ಕರುವೂ ಬೇಡವಂತೆ, ಸೂಜಿ ಚುಚ್ಚಿದರೆ ಹಾಲು ಇಳಿಯುತ್ತದಂತೆ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಬಂದು ಹೇಳಿದಳು, ಶಾಲೆಯಲ್ಲಿ ತತ್ತಿ ತಿನ್ನುವವರದು ಒಂದು ಸಾಲು, ಬಾಳೆಹಣ್ಣಿನವರದು ಇನ್ನೊಂದು ಸಾಲು ಎಂದು. "ಅಜ್ಜಾ, ಅವರು ಜೀವ ತಿನ್ನೋರು. ನಾವು ಯಾವ ಜೀವಾನೂ ಕೊಲ್ಲಂಗಿಲ್ಲ, ಹೌದಿಲ್ಲೋ?" ಎಂದು ಕೇಳಿದಳು. ಆಗ ನಾನು ಎದ್ದು ಹೊಲಕ್ಕೆ ಹೋದೆ. ಅವಳಿಗೆ ಹೇಳಬೇಕಾದದ್ದನ್ನೇ ಇಲ್ಲಿ ಬರೆದಿದ್ದೇನೆ. ನೀನು ಬಾಳೆಹಣ್ಣೇ ತಿನ್ನು ಮಗಳೇ, ಬೇಡ ಅನ್ನುವುದಿಲ್ಲ. ತತ್ತಿ ಸಾಲಿನ ಹುಡುಗಿಯ ಪಕ್ಕದಲ್ಲಿ ಕುಳಿತು ತಿನ್ನು.

ಅಂದಿನ ಕೂಸು ಈಗ ಮುದ್ದೇಬಿಹಾಳದಲ್ಲಿ ತನ್ನ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾಳೆ. ಆ ಎಮ್ಮೆಯಾದ ಮೇಲೆ ನನ್ನ ಕೊಟ್ಟಿಗೆಯಲ್ಲಿ ಎಷ್ಟೋ ಗಂಡುಕರುಗಳು ಹುಟ್ಟಿದವು. ಎಲ್ಲವನ್ನೂ ಸಾಕಲು ನನ್ನಿಂದ ಆಗಲಿಲ್ಲ. ಗಾಡಿ ಹತ್ತಿದವು ಎಲ್ಲಿಗೆ ಹೋಗುತ್ತವೆ ಎಂದು ನಾನು ಯಾರನ್ನೂ ಕೇಳಲಿಲ್ಲ, ಕೇಳದಿದ್ದರೂ ಗೊತ್ತಿತ್ತು.

ಈಗ ನನ್ನ ಹತ್ತಿರ ಇರುವುದು ಮೂರು ಎಕರೆ ಹೊಲ, ನಲವತ್ತು ಲಿಂಬೆ ಗಿಡ, ಒಂದು ಬಾವಿ, ಐದು ಎಮ್ಮೆ, ಯಾವ ಕೆಲಸಕ್ಕೂ ಬಾರದ ಎರಡು ಕೋಣ.