ಸಾರವಾಡದಲ್ಲಿ ಸಾರವಾಡದವರು ಇಲ್ಲ

ವಿಜಯಪುರದಿಂದ ಬಬಲೇಶ್ವರದ ಬಸ್ಸು ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ನಾನೂ ನನ್ನ ಯಜಮಾನರ ಅಕ್ಕ ಶಾಂತಕ್ಕನೂ ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ಪಡೆದು, ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆವು. ಹೊರಗೆ ಬಿಳಿಜೋಳ ತೆನೆ ಕಟ್ಟಿತ್ತು. ಶಾಂತಕ್ಕನ ಮುಖ ಮಾತ್ರ ಗಂಟು.

ನನ್ನ ಗಂಡನ ಮನೆಯ ಅಡ್ಡಹೆಸರು ಸಾರವಾಡ. ನನ್ನ ಮಗ ವಿನಾಯಕ ಮೆಚ್ಚಿದ ಟಿಕೋಟಾದ ಹುಡುಗಿಯದೂ ಸಾರವಾಡ. ಬೆಡಗು, ಅಂದರೆ ಮದುವೆಗೆ ಬೇರೆ ಬೇರೆ ಇರಬೇಕಾದ ಕುಲ, ಯಾವುದೆಂದು ಕೇಳಿದರೆ ಎರಡೂ ಮನೆಯವರು ತಲೆ ಕೆರೆದುಕೊಂಡರು. "ಒಂದ ಅಡ್ಡಹೆಸರಂದ್ರ ಒಂದ ಮನಿತನ. ಅಣ್ಣ-ತಂಗಿಗೆ ಹ್ಯಾಂಗ ಲಗ್ನ ಮಾಡ್ತಿ?" ಎಂದು ಶಾಂತಕ್ಕ ಪಟ್ಟು ಹಿಡಿದಿದ್ದಳು. ಅವಳು ಒಲ್ಲೆ ಎಂದ ಮದುವೆ ನಮ್ಮಲ್ಲಿ ಆದದ್ದೇ ಇಲ್ಲ. ಮಗ ಊಟ ಬಿಟ್ಟಿದ್ದ. ಆ ಹೆಸರಿನ ಮೂಲ ಊರಲ್ಲೇ ಕೇಳೋಣ ಎಂದು ನಾನೇ ಅವಳನ್ನು ಹೊರಡಿಸಿದ್ದೆ.

ಸಾರವಾಡದಲ್ಲಿ ಇಳಿದು ಚಹಾದಂಗಡಿಯ ಹುಸೇನಸಾಬರನ್ನು ಸಾರವಾಡದವರ ಮನೆ ಎಲ್ಲಿ ಎಂದು ಕೇಳಿದೆವು. ಅವರು ನಕ್ಕುಬಿಟ್ಟರು.

"ಇಲ್ಲೆ ಆ ಹೆಸರಿನವರು ಒಬ್ಬರೂ ಇಲ್ಲರಿ. ಊರು ಬಿಟ್ಟವರಷ್ಟ ಸಾರವಾಡ ಆಗ್ತಾರ. ನನ್ನ ತಮ್ಮನೂ ಸೊಲ್ಲಾಪುರಕ್ಕ ಹೋಗಿ ಸಾರವಾಡ ಆಗ್ಯಾನ."

ಶಾಂತಕ್ಕ ಚಹಾದ ಕಪ್ಪು ಹಿಡಿದೇ ನಿಂತಳು. ಅವಳ ಲೆಕ್ಕದಲ್ಲಿ ಈಗ ಹುಸೇನಸಾಬರ ತಮ್ಮನೂ ಅವಳ ಅಣ್ಣ-ತಮ್ಮಂದಿರ ಸಾಲಿಗೆ ಸೇರಿದ್ದ.

ಹುಸೇನಸಾಬರೇ ನಮ್ಮನ್ನು ಊರಿನ ಹಿರಿಯಳಾದ ಗಂಗವ್ವನ ಮನೆಗೆ ಕರೆದೊಯ್ದರು. ನನ್ನ ಮಾವನ ಹೆಸರು ಹೇಳಿದ ಕೂಡಲೇ ಮುದುಕಿ, ನೀವು ದೊಡ್ಡಬಾವಿಯವರು ಎಂದಳು. ಹುಡುಗಿಯ ಅಜ್ಜನ ಹೆಸರು ಹೇಳಿದರೆ, ಅವರು ಕಟ್ಟಿಮನಿಯವರು, ಬೆಡಗೇ ಬೇರೆ ಎಂದಳು. ನನ್ನ ಎದೆಯ ಭಾರ ಇಳಿಯಿತು. ಆಮೇಲೆ ಅವಳು ಶಾಂತಕ್ಕನ ಕೈ ಹಿಡಿದಳು.

"ನಿನ್ನ ಮುತ್ತಜ್ಜಿ ಆ ಕಟ್ಟಿಮನಿಯಾಕಿನ ಬೇ. ನಿಮ್ಮ ಮನಿಯವರು ಸೊಸಿ ತರಾಕ ಮೊದಲ ಆ ಮನಿಗೇ ಹೋಗ್ತಿದ್ರು."

ಮಜ್ಜಿಗೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಜೊತೆ ನಮ್ಮ ರೊಟ್ಟಿಯೇ ಎಲ್ಲರ ಊಟವಾಯಿತು. ಹೊರಡುವಾಗ ಗಂಗವ್ವ, ಊರ ಮಗಳು ಬರಿಗೈಲಿ ಹೋಗಬಾರದೆಂದು ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ ಇಟ್ಟು ಶಾಂತಕ್ಕನ ಸೆರಗಿನ ಉಡಿ ತುಂಬಿದಳು. ಹುಟ್ಟಿದಾಗಿನಿಂದ ಸಾರವಾಡ ಎನ್ನಿಸಿಕೊಂಡವಳು ಆ ಊರಿಗೆ ಕಾಲಿಟ್ಟದ್ದು ಅದೇ ಮೊದಲು. ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದಂತಿದ್ದೆ.

ಮರಳುವ ಬಸ್ಸಿನಲ್ಲಿ ಶಾಂತಕ್ಕ ಉಡಿಯನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ಇನ್ನೊಂದು ಕೈಯಲ್ಲಿ ವಿನಾಯಕನಿಗೆ ಫೋನ್ ಹಚ್ಚಿದಳು. ಇಡೀ ಬಸ್ಸಿಗೆ ಕೇಳಿಸಿತು.

"ಲೇ, ಮೊದಲ ಉಣ್ಣು. ಲಗ್ನ ಆದಮ್ಯಾಲ ಆ ಹುಡುಗಿಗೆ ಅಡ್ಡಹೆಸರು ಬದಲಿ ಮಾಡೋ ತ್ರಾಸೂ ಇಲ್ಲ. ನಾ ಮೊದಲ ಹೇಳಿದ್ನಿಲ್ಲ, ಇದು ಚಲೋ ಸಂಬಂಧ ಅಂತ?"