ಚಹಾ ಬಣ್ಣದ ಚಿನ್ನ

ಆ ಹೂವಿನ ತಟ್ಟೆಯನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಹೊಸ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಿತ್ತು. ಮಗಳ ಮಗಳು ತಿರುವನಂತಪುರದ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ರಜೆಗೆ ಕೊಚ್ಚಿಗೆ ಬಂದಾಗ ವೈಟ್ಟಿಲದ ನಮ್ಮ ಫ್ಲಾಟಿನಲ್ಲಿ ಪುಟ್ಟ ಬಾಟಲಿಯೊಂದನ್ನು ತೋರಿಸಿದಳು.

“ಇದ್ರಲ್ಲಿ ಗೋಲ್ಡ್ ಇದೆ, ಅಮ್ಮಮ್ಮಾ.”

“ಇದ್ರಲ್ಲಾ? ಹಾಲು ಹಾಕದ ಚಹಾದ ಹಾಗೆ ಉಂಟಲ್ಲ ಮಾರಾಯ್ತಿ!”

ನಗುತ್ತ ಲೈಟ್ ಆರಿಸಿ ಯುವಿ ಟಾರ್ಚ್ ಹಿಡಿದಳು. ಚಹಾ ಕೆಂಡದಂತೆ ಬೆಳಗಿತು! ಚಿನ್ನದ ಕೆಲವೇ ಪರಮಾಣುಗಳ ಗುಂಪಂತೆ, ನ್ಯಾನೊಕ್ಲಸ್ಟರ್. ಎಲ್‌ಇಡಿ ಮೇಲೆ ಬಳಿದರೆ ಅದರ ತಣ್ಣನೆಯ ಬೆಳಕಿಗೆ ಹಿತವಾದ ಕೆಂಪು ಸೇರುತ್ತದಂತೆ. ಗುಂಪು ದೊಡ್ಡದಾದರೆ ನೀರು ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತದೆ, ಆದರೆ ಬೆಳಗುವುದಿಲ್ಲ. “ಅದು ನನ್ನ ಫೇಲ್ಡ್ ಬ್ಯಾಚ್,” ಎಂದಿದ್ದಳು.

ಲ್ಯಾಬಿನ ಓಪನ್ ಡೇ ದಿನ ಅತಿಥಿಗಳಿಗೆ ಎಲ್ಲವನ್ನೂ ತಾನೇ ವಿವರಿಸುತ್ತೇನೆಂದು ನನ್ನನ್ನೂ ಕರೆದಳು. ಬೆಳಗಿನ ರೈಲಿನಲ್ಲಿ ತಿರುವನಂತಪುರದ ತಂಪಾನೂರು ಸ್ಟೇಷನ್ನಿಗೆ ಹೋಗಿ, ಆಟೋ ಹಿಡಿದು ಹಾಲ್ ತಲುಪಿದರೆ, ಹುಡುಗಿ ಕೇರಳದ ಸೆಟ್ ಸೀರೆಯುಟ್ಟು, ನಿಲವಿಳಕ್ಕು ಎಂಬ ಎತ್ತರದ ಹಿತ್ತಾಳೆ ದೀಪದ ಪಕ್ಕ ಹೂವಿನ ತಟ್ಟೆ ಹಿಡಿದು ನಿಂತಿದ್ದಾಳೆ!

“ಏನೇ ಇದು?”

“ಗರ್ಲ್ಸ್ ದೀಪದ ಹತ್ರ ನಿಲ್ಬೇಕಂತೆ. ಗೈಡ್ ಸಾರೇ ಎಕ್ಸ್‌ಪ್ಲೇನ್ ಮಾಡ್ತಾರಂತೆ.”

ಕಾನ್ವೆಂಟಿಗೆ ಬಿಷಪ್ ಬಂದಾಗ ನಾವೂ ಹೀಗೇ ನಿಂತವರು. ಅರ್ಧ ಶತಮಾನವಾದರೂ ಅದೇ ಹೂವು, ಅದೇ ತಟ್ಟೆ. ಬೆಳಕು ಮಾಡಿದವಳು ದೀಪ ಹಚ್ಚುವವರಿಗೆ ಬೆಂಕಿಪೆಟ್ಟಿಗೆ ಕೊಡಬೇಕು. ಶೇಮ್!

ಅವಳ ಗೈಡ್ ಮೇಜಿನ ಮೇಲಿದ್ದವುಗಳಲ್ಲಿ ಅತಿ ಚಂದದ ಬಾಟಲಿ ಎತ್ತಿಕೊಂಡರು. ಮಾಣಿಕ್ಯದ ಬಣ್ಣದ್ದು. ತಮ್ಮ ಕೈಯಿಂದ ಪ್ರಯೋಗ ಮಾಡಿ ಎಷ್ಟು ವರ್ಷವಾಗಿತ್ತೋ! ಲೈಟ್ ಆರಿತು, ಟಾರ್ಚ್ ಹೊತ್ತಿತು. ಬಾಟಲಿ ಮಾತ್ರ ಕಪ್ಪಗೇ ಇತ್ತು.

“ಬ್ಯಾಟರಿ ವೀಕ್,” ಎಂದರು ಗೈಡ್.

“ಬ್ಯಾಟರಿ ಅಲ್ಲ ಅಮ್ಮಮ್ಮಾ, ಬಾಟ್ಲಿನೇ ತಪ್ಪು,” ಎಂದಳು ಪಿಸುದನಿಯಲ್ಲಿ.

“ನನ್ಗ್ಯಾಕೆ ಹೇಳ್ತಿ? ಅಲ್ಲಿ ಹೋಗಿ ಹೇಳು.”

“ತಟ್ಟೆ?”

“ಇಲ್ಲಿ ಕೊಡು.”

ಕತ್ತಲಲ್ಲೇ ಹೋಗಿ ಚಹಾ ಬಣ್ಣದ ಬಾಟಲಿ ಎತ್ತಿ ಟಾರ್ಚ್ ಹಿಡಿದಳು. ಮುಂದಿನ ಸಾಲಿನ ಮುಖಗಳೆಲ್ಲ ಆ ಕೆಂಪಿನತ್ತ ಬಾಗಿದವು. ಗೈಡ್ “ಮತಿ ಮೋಳೇ, ಸಾಕು ಮಗಳೇ, ಇನ್ನು ನಾನು…” ಎಂದು ಬಾಯಿ ಹಾಕಿದರು. ಅವಳು ನಿಲ್ಲಿಸಲಿಲ್ಲ. ತಪ್ಪಿದ ಬ್ಯಾಚು ಯಾಕೆ ತಪ್ಪಿತೆಂಬುದನ್ನೂ ಸೇರಿಸಿ ಪೂರ್ತಿ ಹೇಳಿದಳು.

ಅಷ್ಟು ಹೊತ್ತೂ ತಟ್ಟೆ ಹಿಡಿದು ನಿಂತಿದ್ದೆ. ಲೈಟ್ ಬಂದಾಗ ಗೈಡ್ ಪಕ್ಕದಲ್ಲೇ ಇದ್ದರು.

“ಹೋಲ್ಡ್ ದಿಸ್, ಪ್ಲೀಸ್,” ಎಂದು ಅದನ್ನು ಅವರ ಕೈಗಿಟ್ಟೆ.